ಗಾಜಿನ ಜಡ್ಡಿಗೆ ಯಾರನ್ನು ಕರೆಯೋಣ?

(ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಪರಿಸರ ಸಂಘದ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಈ ಶಾಲೆಯ ಪರಿಸರ ಸಂಘದವರು ಒಂದು ದೊಡ್ಡ ಗಾಜಿನ ತೊಟ್ಟಿಯನ್ನು ಸಿದ್ಧಪಡಿಸಿದ್ದಾರೆ. ಅದರ ಒಂದು ಭಾಗದಲ್ಲಿ ನೀರಿದೆ, ಇನ್ನೊಂದು ಭಾಗದಲ್ಲಿ ಕಲ್ಲು ಮಣ್ಣಿನ ದಂಡೆಯಿದೆ. ದಂಡೆಯ ಮೇಲೆ ಜರಿಗಿಡ, ಹಾವಸೆ, ಒಂದೆಲಗ ಚಿಗುರಿವೆ. ನೀರಿನಂಚಿನಲ್ಲಿ ಬಜೆ ಬೇರೂರಿದೆ. ಇಂಥ ತೊಟ್ಟಿಗೆ ಪಾಲುಡೇರಿಯಂ ಎಂದು ಹೆಸರು. ಇದರೊಳಗೆ ಯಾವ ಪ್ರಾಣಿಗಳನ್ನು ಬಿಡಬಹುದು, ಯಾವುವು ಪರಸ್ಪರ ಹೊಂದಿಕೊಂಡು ಬಾಳುತ್ತವೆ ಎಂಬುದನ್ನು ತಿಳಿಸಬೇಕೆಂದು ನನ್ನನ್ನು ಕೇಳಿದ್ದಾರೆ. ವಿದ್ಯಾರ್ಥಿಗಳು ಬರೆದುಕೊಟ್ಟ ಪಟ್ಟಿಯಲ್ಲಿ ಬಣ್ಣದ ಮೀನು, ಏಡಿ, ಕಪ್ಪೆ ಮತ್ತು ಆಮೆಮರಿ ಇವೆ. ಈ ನಾಲ್ವರನ್ನೂ ಒಂದೇ ಮನೆಯಲ್ಲಿ ಕೂಡಿಹಾಕಿದರೆ ಕೆಲವೇ ವಾರಗಳಲ್ಲಿ ಒಂದನ್ನೊಂದು ತಿಂದೋ, ತಪ್ಪಿಸಿಕೊಂಡೋ, ಕಾಯಿಲೆಬಿದ್ದೋ ಸಂಸಾರ ಮುಗಿಯುತ್ತದೆ. ನೀವು ಅಕ್ಕರೆಯಿಂದ ನೆಟ್ಟ ಗಿಡಗಳೂ ಉಳಿಯುವುದಿಲ್ಲ. ಏಕೆ ಹೀಗೆ, ಇದಕ್ಕೆ ಬದಲಾಗಿ ಏನು ಮಾಡಬಹುದು ಎಂಬುದನ್ನು ಇಂದು ವಿವರಿಸುತ್ತೇನೆ.

ನಮ್ಮ ನೆಲದ ಜಡ್ಡಿ

ಪಾಲುಡೇರಿಯಂ ಎಂಬ ಪದದ ಮೂಲದಲ್ಲಿರುವುದು ಜೌಗು ಎಂಬ ಅರ್ಥದ ಲ್ಯಾಟಿನ್ ಶಬ್ದ. ಜೌಗು ನಮಗೆ ಹೊಸತಲ್ಲ. ಉತ್ತರ ಕನ್ನಡದ ಕಡೆ ಕಾಡಿನೊಳಗಿನ ಜೌಗಿಗೆ ಜಡ್ಡಿ ಎನ್ನುತ್ತಾರೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳಲ್ಲಿ ಮರಗಳು ಉಸಿರಾಡುವುದಕ್ಕಾಗಿ ಬೇರುಗಳನ್ನು ಮಂಡಿಯಂತೆ ಮಡಿಸಿ ನೀರಿನ ಮೇಲಕ್ಕೆ ಚಾಚಿರುತ್ತವೆ. ಬೇರಿನ ನಡುವೆ ನಿಧಾನವಾಗಿ ಹರಿಯುವ ತಣ್ಣೀರು, ಅದರ ಮೇಲೆ ಕೊಳೆಯುತ್ತಿರುವ ತರಗೆಲೆ, ಅದರ ಮೇಲೆ ಹಾವಸೆ ಹತ್ತಿದ ಕಲ್ಲು, ಎಲ್ಲಕ್ಕೂ ಮೇಲೆ ದಟ್ಟ ನೆರಳು.

ಈ ಕತ್ತಲೆಕಾನಿನಿಂದಲೇ 2014ರಲ್ಲಿ ಡಾ. ಕೆ. ವಿ. ಗುರುರಾಜ ಮತ್ತು ಸಂಗಡಿಗರು ಕುಂಬಾರ ಕಪ್ಪೆ ಎಂಬ ಹೊಸ ಪ್ರಭೇದವನ್ನು ವಿವರಿಸಿದರು. ಇದರ ಹೆಣ್ಣು ನೀರಿನಿಂದ ಮೇಲಿರುವ ಕಡ್ಡಿಯ ಮೇಲೋ ಎಲೆಯ ಮೇಲೋ ಮೊಟ್ಟೆ ಇಡುತ್ತದೆ. ಬಳಿಕ ಗಂಡು ಕಪ್ಪೆ ಮುಂಗೈಗಳಲ್ಲಿ ಕೆಸರು ತಂದು, ಹಿಂಗಾಲಿನ ಮೇಲೆ ನಿಂತು, ಮೊಟ್ಟೆಗಳಿಗೆ ಕುಂಬಾರನಂತೆ ಮೆತ್ತುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆ ಕೆಳಗಿನ ನೀರಿಗೆ ಬೀಳುತ್ತದೆ. ಇಲ್ಲಿ ಕಡ್ಡಿ, ಕೆಸರು, ನೀರು ಮೂರೂ ಇರಬೇಕು. ಒಂದು ತಪ್ಪಿದರೂ ಆ ಕಪ್ಪೆಯ ವಂಶ ಮುಂದುವರಿಯದು.

ಜಡ್ಡಿಯಲ್ಲಿ ನೂರಾರು ಬಗೆಯ ಜೀವಿಗಳು ಹೊಂದಿಕೊಂಡಿರುವುದು ಅವು ಸಾಧುಪ್ರಾಣಿಗಳೆಂಬ ಕಾರಣದಿಂದಲ್ಲ. ಅಲ್ಲಿ ತಿನ್ನುವವರೂ ಇದ್ದಾರೆ, ತಿನ್ನಿಸಿಕೊಳ್ಳುವವರೂ ಇದ್ದಾರೆ. ಆದರೆ ತಿನ್ನಿಸಿಕೊಳ್ಳಬೇಕಾದವನಿಗೆ ಓಡಿಹೋಗಲು ದಾರಿಯಿದೆ. ಕೊಳೆಯನ್ನು ಹರಿಯುವ ನೀರು ಒಯ್ಯುತ್ತದೆ. ಗಾಜಿನ ತೊಟ್ಟಿಯಲ್ಲಿ ಇವೆರಡೂ ಇಲ್ಲ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರಾಣಿಗಳ ಆಯ್ಕೆ ಅರ್ಧ ಮುಗಿದಂತೆಯೇ.

ಗಾಜಿನೊಳಗೆ ಗಿಡ ಬೆಳೆಸುವ ಕ್ರಮ ಸಾಕಷ್ಟು ಹಳೆಯದು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಸುಮಾರಿಗೆ ಪತಂಗದ ಕೋಶವೊಂದನ್ನು ಮುಚ್ಚಿದ ಸೀಸೆಯಲ್ಲಿಟ್ಟಿದ್ದಾಗ, ತಳದ ಹಸಿಮಣ್ಣಿನಲ್ಲಿ ಜರಿಗಿಡ ತಾನಾಗಿ ಮೊಳೆಯಿತು. ಅದೇ ತತ್ತ್ವದ ಗಾಜಿನ ಪೆಟ್ಟಿಗೆಗಳಲ್ಲಿ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಭಾರತಕ್ಕೆ ತಂದನು. ಗಿಡಕ್ಕೆ ಬೆಳಕು, ತೇವ, ಹಿಡಿಮಣ್ಣು ದೊರೆತರೆ ಸಾಕು. ಪ್ರಾಣಿಯಾದರೋ ಉಣ್ಣುತ್ತದೆ, ಹೊಲಸು ಮಾಡುತ್ತದೆ, ಜಾಗಕ್ಕಾಗಿ ಕಾದಾಡುತ್ತದೆ, ಮರಿ ಮಾಡುತ್ತದೆ.

ಆರು ಪ್ರಶ್ನೆಗಳು

ಯಾವುದೇ ಪ್ರಾಣಿಯನ್ನು ತರುವ ಮೊದಲು ಆರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು, ಅದಕ್ಕೆ ನಮ್ಮ ನೀರು ಮತ್ತು ಹವೆ ಒಗ್ಗುತ್ತದೆಯೆ? ಚಿತ್ರಗಳಲ್ಲಿ ನಗುಮುಖದಂತೆ ಕಾಣುವ ಆಕ್ಸೊಲೋಟಲ್ ಮೆಕ್ಸಿಕೋದ ತಣ್ಣನೆಯ ಸರೋವರದ ಪ್ರಾಣಿ. ನೀರು 20 ಡಿಗ್ರಿ ದಾಟಿದರೆ ಅದು ಬಳಲುತ್ತದೆ. ಜೀವನಪೂರ್ತಿ ನೀರಿನಲ್ಲಿಯೇ ಇರುವುದರಿಂದ ನೀವು ಕಟ್ಟಿದ ದಂಡೆ ಅದಕ್ಕೆ ವ್ಯರ್ಥ. ಅಳಿವೆಯ ಕೆಸರಿನಲ್ಲಿ ನೆಗೆದಾಡುವ ಮಡ್‌ಸ್ಕಿಪ್ಪರ್ ಮೀನಿಗೆ ನೀರೂ ಬೇಕು, ದಂಡೆಯೂ ಬೇಕು; ಆದರೆ ಅದಕ್ಕೆ ಬೇಕಾದ ಉಪ್ಪುನೀರಿನಲ್ಲಿ ಜರಿಗಿಡ ಸತ್ತುಹೋಗುತ್ತದೆ.

ಎರಡನೆಯದು, ಅದರ ಬಾಯಿ ಎಷ್ಟು ದೊಡ್ಡದು? ಕಪ್ಪೆ, ಮೀನು, ಏಡಿ ಇವುಗಳಿಗೆ ಸ್ನೇಹಿತನೆಂಬ ಭಾವವಿಲ್ಲ. ಬಾಯಲ್ಲಿ ಹಿಡಿಸುವುದೆಲ್ಲ ಆಹಾರ. ಇಂದು ಹಿಡಿಸದಿರುವುದು ಬೆಳೆದ ಮೇಲೆ ಹಿಡಿಸೀತು.

ಮೂರನೆಯದು, ಅದರ ಮೈಯಲ್ಲಿ ವಿಷವಿದೆಯೆ? ನೆಲಗಪ್ಪೆಯ ಕಣ್ಣಿನ ಹಿಂದಿರುವ ಉಬ್ಬುಗಳಲ್ಲಿ ವಿಷಗ್ರಂಥಿಗಳಿವೆ. ಪಾಲುಡೇರಿಯಂ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವ, ಕೊರಿಯಾ ಮತ್ತು ಚೀನಾ ಕಡೆಯ ಕೆಂಪು ಹೊಟ್ಟೆಯ ಕಪ್ಪೆಯೂ ಚರ್ಮದಿಂದ ವಿಷ ಸ್ರವಿಸುತ್ತದೆ. ಹೊಳೆಯಲ್ಲಿ ಅದು ಕೊಚ್ಚಿಹೋಗುತ್ತದೆ. ತೊಟ್ಟಿಯ ಕೆಲವೇ ಲೀಟರ್ ನೀರಿನಲ್ಲಿ ಉಳಿದು ಜೊತೆಯವರಿಗೆ ಮುಳುವಾಗುತ್ತದೆ.

ನಾಲ್ಕನೆಯದು, ಅದು ಗಿಡವನ್ನು ಉಳಿಸುತ್ತದೆಯೆ? ಗದ್ದೆಯ ಅಂಚನ್ನು ಕೊರೆದು, ಎಳೆಸಸಿಯನ್ನು ಕತ್ತರಿಸುವ ಏಡಿಯ ಗುಣ ಇಲ್ಲಿರುವ ರೈತರಿಗೆ ತಿಳಿಯದುದಲ್ಲ. ಗಾಜಿನೊಳಗೆ ಬಂದ ಮಾತ್ರಕ್ಕೆ ಅದು ಆ ಗುಣ ಬಿಡುವುದಿಲ್ಲ. ಗೋಲ್ಡ್‌ಫಿಶ್ ತಳವನ್ನು ಕೆದಕಿ ಬೇರು ಕೀಳುತ್ತದೆ. ಆಫ್ರಿಕಾದ ದೈತ್ಯ ಬಸವನಹುಳು 1847ರಲ್ಲಿ ಕಲ್ಕತ್ತೆಗೆ ಬಂದು, ಅಲ್ಲಿಂದ ಹರಡಿ, ಇಂದು ನಮ್ಮ ತೋಟಗಳಿಗೂ ಪೀಡೆಯಾಗಿದೆ. ಅದನ್ನು ಬರಿಗೈಯಲ್ಲಿ ಮುಟ್ಟಲೂ ಬಾರದು; ಮಿದುಳಿಗೆ ತಗಲುವ ಜಂತುವೊಂದನ್ನು ಅದು ಹೊತ್ತಿರಬಹುದು.

ಐದನೆಯದು, ಮೂರು ದಿನ ಕರೆಂಟು ಇಲ್ಲದಿದ್ದರೆ ಅದು ಬದುಕುತ್ತದೆಯೆ? ಪಟ್ಟಣದವರು ಬರೆದ ಪುಸ್ತಕಗಳಲ್ಲಿ ಈ ಪ್ರಶ್ನೆ ಇರುವುದಿಲ್ಲ. ಆಷಾಢದ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವ ನಮ್ಮ ಊರುಗಳಲ್ಲಿ ಇದನ್ನು ಕೇಳಲೇಬೇಕು. ಪಂಪು ನಿಂತರೆ ನೀರಿಗೆ ಗಾಳಿ ಸೇರುವುದು ಕಡಮೆಯಾಗುತ್ತದೆ. ರಾತ್ರಿಯಲ್ಲಿ ಗಿಡಗಳೂ ಆಮ್ಲಜನಕವನ್ನು ಬಳಸುತ್ತವೆ. ಸದಾ ಹರಿಯುವ ನೀರನ್ನು ಬೇಡುವ ಜೀವಿಯನ್ನು ತರದಿರುವುದೇ ಇದಕ್ಕೆ ಪರಿಹಾರ.

ಆರನೆಯದು ಎಲ್ಲಕ್ಕಿಂತ ಮುಖ್ಯ. ಅದು ತೊಟ್ಟಿಯಿಂದ ಹೊರಬಿದ್ದು ನಮ್ಮ ಹಳ್ಳಕ್ಕೆ ಸೇರಿದರೆ ಏನಾಗುತ್ತದೆ? ಇದಕ್ಕೆ ಮತ್ತೆ ಬರುತ್ತೇನೆ.

ನೀರಿನ ಲೆಕ್ಕ

ನಿಮ್ಮ ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರವಿದೆ. ಪೂರ್ತಿ ತುಂಬಿದರೆ ಸುಮಾರು 340 ಲೀಟರ್ ಹಿಡಿಯುತ್ತದೆ. ಅಂಗಡಿಯವನು ಈ ಲೆಕ್ಕ ಹಿಡಿದು ಮೀನು ಮಾರುತ್ತಾನೆ. ಆದರೆ ತಳದ ಮೂರನೆಯ ಒಂದು ಭಾಗ ದಂಡೆಗೆ ಹೋಗಿದೆ. ಉಳಿದ ಕಡೆ ನೀರು ನಿಂತಿರುವುದು 8 ಅಂಗುಲ. ಹೀಗೆ 75 ಲೀಟರ್. ಅದರಲ್ಲಿ ಕಲ್ಲು, ಮಣ್ಣು, ಬೇರಿನ ಜಾಗ ಕಳೆದರೆ ನಿಜವಾದ ನೀರು 60 ಲೀಟರ್. ಪ್ರಾಣಿಗಳ ಸಂಖ್ಯೆಯನ್ನು ನಿರ್ಧರಿಸಬೇಕಾದುದು ಈ 60 ಲೀಟರು.

ಕೃಷಿವಿಜ್ಞಾನದ ವಿದ್ಯಾರ್ಥಿಗಳಿಗೆ ಸಾರಜನಕದ ಚಕ್ರ ಮೊದಲ ಪಾಠ. ಗದ್ದೆಗೆ ಹಾಕಿದ ಗೊಬ್ಬರದಿಂದ ಅಮೋನಿಯ, ಅಮೋನಿಯದಿಂದ ನೈಟ್ರೈಟ್, ಅದರಿಂದ ನೈಟ್ರೇಟ್ ಆಗುವುದು ಮಣ್ಣಿನ ಸೂಕ್ಷ್ಮಾಣುಗಳಿಂದ. ತೊಟ್ಟಿಯಲ್ಲಿಯೂ ಇದೇ ನಡೆಯುತ್ತದೆ. ಮೀನಿನ ವಿಸರ್ಜನೆ ಮತ್ತು ಉಳಿದ ಆಹಾರ ಅಮೋನಿಯವಾಗುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟನ್ನು ಗಿಡಗಳು ಹೀರಿಕೊಳ್ಳುತ್ತವೆ. ಈ ಸೂಕ್ಷ್ಮಾಣುಗಳು ಕಲ್ಲು ಮರಳಿನ ಮೇಲೆ ನೆಲೆಯೂರಿ ಸಾಕಷ್ಟು ಹೆಚ್ಚಲು 4ರಿಂದ 6 ವಾರ ಬೇಕು. ನಮ್ಮ ಕಡೆಯ ನೀರು ಮೆದು, ಬಹಳ ಕಡೆ ತುಸು ಹುಳಿ. ಹುಳಿ ಹೆಚ್ಚಿದಷ್ಟೂ ಈ ಕೆಲಸ ನಿಧಾನ. ತೊಟ್ಟಿ ಕಟ್ಟಿದ ಮರುದಿನವೇ ಮೀನು ಬಿಟ್ಟು, ವಾರದೊಳಗೆ ಅವು ಸತ್ತಾಗ ಕೈಗುಣವನ್ನು ದೂರುವವರು ಬಹಳ. ಅಲ್ಲಿ ಕೊರತೆಯಾದದ್ದು ಕಾಲ.

ಹಾಗಾದರೆ ಯಾರನ್ನು ಕರೆಯೋಣ?

ಅಡಿಕೆ ತೋಟದ ವ್ಯವಸ್ಥೆಯನ್ನು ನೆನಪಿಸಿಕೊಳ್ಳಿ. ಮೇಲೆ ಅಡಿಕೆ, ಅದನ್ನು ಅಪ್ಪಿದ ಮೆಣಸಿನ ಬಳ್ಳಿ, ನಡುವೆ ಬಾಳೆ, ಕೆಳಗಿನ ತಂಪಿನಲ್ಲಿ ಏಲಕ್ಕಿ. ಒಂದೊಂದು ಅಂತಸ್ತಿಗೆ ಒಂದೊಂದು ಬೆಳೆ. ಒಂದರ ಬಿಸಿಲನ್ನು ಇನ್ನೊಂದು ಕಸಿಯುವುದಿಲ್ಲ. ತೊಟ್ಟಿಯಲ್ಲಿಯೂ ಹೀಗೆಯೇ ಅಂತಸ್ತು ನೋಡಿ ಜೀವಿಗಳನ್ನು ಆರಿಸಬೇಕು.

ದಂಡೆಯ ಮಣ್ಣಿಗೆ ಮೊದಲ ನಿವಾಸಿಗಳು ಕಸ ಗುಡಿಸುವವರು. ಕೊಳೆತ ಎಲೆಯಡಿ ಬಾಲ ಚಿಮ್ಮಿಸಿ ನೆಗೆಯುವ, ಎಳ್ಳಿಗಿಂತ ಸಣ್ಣ ಸ್ಪ್ರಿಂಗ್‌ಟೇಲ್‌ಗಳು ಬೂಸಲನ್ನು ಮೇಯುತ್ತವೆ. ಅಲ್ಲಿಯೇ ಇರುವ, ಏಳು ಜೊತೆ ಕಾಲಿನ ಬೂದುಬಣ್ಣದ ಐಸೊಪಾಡ್ ತರಗೆಲೆಯನ್ನು ತಿಂದು ಗೊಬ್ಬರ ಮಾಡುತ್ತದೆ. ಇದು ಏಡಿ, ಸಿಗಡಿಗಳ ನೆಲವಾಸಿ ಬಂಧು. ಶಾಲೆಯ ಗೊಬ್ಬರಗುಂಡಿಯ ಅಂಚಿನಿಂದ ಒಂದು ಹಿಡಿ ತರಗು ತಂದರೆ ಎರಡೂ ಬಂದಾವು.

ನೀರಿನ ತಳಕ್ಕೆ ನಾಲ್ಕೈದು ಸಣ್ಣ ಶಂಖದ ಹುಳುಗಳು ಸಾಕು. ಗಾಜಿನ ಪಾಚಿಯನ್ನು ಅವು ನೆಕ್ಕುತ್ತವೆ. ನಮ್ಮ ಮೆದುನೀರಿನಲ್ಲಿ ಸುಣ್ಣದ ಅಂಶ ಕಡಮೆಯಿರುವುದರಿಂದ ಅವುಗಳ ಚಿಪ್ಪು ಸವೆಯುತ್ತದೆ. ಹುಳಿಮಣ್ಣಿನ ತೋಟಕ್ಕೆ ನಾವು ಸುಣ್ಣ ಕೊಡುವಂತೆ ಇಲ್ಲಿಯೂ ತೊಳೆದ ಮೊಟ್ಟೆಯ ಸಿಪ್ಪೆಯನ್ನೋ ಕಪ್ಪೆಚಿಪ್ಪಿನ ತುಂಡನ್ನೋ ಹಾಕಬೇಕು. ಗಿಡದ ಬುಡಗಳ ನಡುವೆ ಹತ್ತು ಹನ್ನೆರಡು ಸಣ್ಣ ಸಿಗಡಿಗಳಿರಲಿ; ಅವು ಮೀನು ಬಿಟ್ಟ ಆಹಾರದ ಚೂರನ್ನು ಹೆಕ್ಕುತ್ತವೆ. ಊರಿನ ನೀರಾವರಿ ಕಾಲುವೆಯಲ್ಲಿ ಸಿಗುವ, ಉಗುರುದ್ದದ ಸಿಗಡಿಯೇ ಸಾಕು. ಹೊರದೇಶದ ಕೆಂಪು ಸಿಗಡಿ ಬೇಡ.

ನಡುನೀರಿಗೆ ಮತ್ತು ಮೇಲ್ಪದರಕ್ಕೆ ಒಂದೇ ಜಾತಿಯ ಎಂಟು ಸಣ್ಣಮೀನು. ನನ್ನ ಸಲಹೆ ಝೀಬ್ರಾ ಡೇನಿಯೋ. ಇದು ಭಾರತ ಉಪಖಂಡದ್ದೇ ಮೀನು. ಗದ್ದೆ ಕಾಲುವೆ, ನಿಧಾನ ಹರಿವಿನ ತೊರೆಗಳಲ್ಲಿ ವಾಸಿಸುವಂಥದು. ಒಂದೂವರೆ ಅಂಗುಲಕ್ಕಿಂತ ಹೆಚ್ಚು ಬೆಳೆಯುವುದು ಕಡಮೆ. ಮಲೆನಾಡಿನ ಚಳಿ, ಸೆಕೆ ಎರಡನ್ನೂ ತಾಳುತ್ತದೆ, ಗಿಡವನ್ನು ಕೀಳುವುದಿಲ್ಲ. ಪ್ರಯೋಗಾಲಯಗಳಲ್ಲಿಯೂ ಸಾಕಣೆ ಕೇಂದ್ರಗಳಲ್ಲಿಯೂ ತಲೆಮಾರುಗಳಿಂದ ಮರಿ ಮಾಡಿಸುತ್ತಿರುವುದರಿಂದ ಹೊಳೆಯಿಂದ ಹಿಡಿದು ತರಬೇಕಾದ ಪ್ರಮೇಯವೇ ಇಲ್ಲ. ಗುಂಪಿನ ಮೀನಾದುದರಿಂದ ಒಂದೆರಡನ್ನು ಮಾತ್ರ ಇಡಬಾರದು. ನೆಗೆಯುವ ಸ್ವಭಾವವಿರುವುದರಿಂದ ತೊಟ್ಟಿಗೆ ಜಾಲರಿಯ ಮುಚ್ಚಳ ಬೇಕು. ಸಿಗಡಿಯ ಮರಿಗಳಲ್ಲಿ ಕೆಲವನ್ನು ಇವು ತಿನ್ನುತ್ತವೆ. ಹಾವಸೆ ದಟ್ಟವಾಗಿದ್ದರೆ ಉಳಿದವು ಬೆಳೆಯುತ್ತವೆ.

ಇಷ್ಟೇ. ಪಟ್ಟಿ ಚಿಕ್ಕದೆಂದು ಕೆಲವರಿಗೆ ನಿರಾಶೆಯಾದೀತು. ಆದರೆ 60 ಲೀಟರ್ ನೀರು ಇದಕ್ಕಿಂತ ಹೆಚ್ಚಿನ ಸಂಸಾರವನ್ನು ಸಾಕಲಾರದು.

ಗದ್ದೆಯಿಂದ ಗಿಡ ತರುವಾಗ ಎರಡು ಎಚ್ಚರಿಕೆ. ಏರೋಪ್ಲೇನ್ ಚಿಟ್ಟೆಯ ಮರಿಹುಳು ಗಿಡದ ಬೇರಿನಲ್ಲಿ ಅಡಗಿ ಬಂದರೆ, ಚಾಚುವ ದವಡೆಯಿಂದ ಸಿಗಡಿ, ಮೀನಿನ ಮರಿ ಎಲ್ಲವನ್ನೂ ಹಿಡಿದು ತಿನ್ನುತ್ತದೆ. ಎರಡನೆಯದು ಬೋರ್ಡೋ ದ್ರಾವಣ. ಕೊಳೆರೋಗಕ್ಕೆಂದು ನಾವು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಕಲಸಿ ಸಿಂಪಡಿಸುತ್ತೇವೆ. ಮೈಲುತುತ್ತದ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೂ ಸಿಗಡಿ, ಶಂಖದ ಹುಳುಗಳಿಗೆ ಮಾರಕ. ಆದುದರಿಂದ ಸಿಂಪಡಿಸಿದ ತೋಟದ ಹಾವಸೆಯನ್ನೂ ಬಸಿಗಾಲುವೆಯ ನೀರನ್ನೂ ತೊಟ್ಟಿಗೆ ತರಬೇಡಿ. ಇಲ್ಲಿರುವ ಹಿರಿಯರಲ್ಲಿ ಇದೇ ಸಂದರ್ಭದಲ್ಲಿ ಒಂದು ವಿನಂತಿ. ತೊಟ್ಟಿಯ ಸಿಗಡಿಯನ್ನು ಕೊಲ್ಲುವ ತಾಮ್ರ ಹಳ್ಳದ ಸಿಗಡಿಯನ್ನು ಬಿಟ್ಟೀತೆ? ಔಷಧ ಹೊಡೆದ ಡ್ರಮ್ಮನ್ನೂ ಪಂಪನ್ನೂ ಹಳ್ಳದಲ್ಲಿ ತೊಳೆಯುವ ರೂಢಿಯನ್ನು ದಯವಿಟ್ಟು ಕೈಬಿಡಬೇಕು. ತೊಳೆದ ನೀರನ್ನು ತೋಟದ ಮಣ್ಣಿಗೇ ಚೆಲ್ಲಿ.

ಕಪ್ಪೆ ಮತ್ತು ಆಮೆ ಏಕೆ ಬೇಡ?

ವಿದ್ಯಾರ್ಥಿಗಳಿಗೆ ಕಪ್ಪೆಯ ಮೇಲೆ ಹೆಚ್ಚಿನ ಆಸೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲಿಯೂ ಇಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾಯರು 1937ರಲ್ಲಿ ವಿವರಿಸಿದ ಕೊಟ್ಟಿಗೆಹಾರದ ಕಪ್ಪೆ ರಭಸದ ತೊರೆಯ ಕಲ್ಲಿನ ಮೇಲೆ ಕುಳಿತು, ಹಿಂಗಾಲನ್ನು ಬಾವುಟದಂತೆ ಬೀಸಿ ಎದುರಾಳಿಗೆ ಸೂಚನೆ ಕೊಡುತ್ತದೆ. ತೊರೆಯ ಸದ್ದು, ತಂಪು, ನೆರಳು ಇಲ್ಲದ ಗಾಜಿನೊಳಗೆ ಅದಕ್ಕೆ ಬಾಳಿಲ್ಲ. ಅಂಗಳದ ಸಾಮಾನ್ಯ ಕಪ್ಪೆಯಾದರೂ ದಿನವೂ ಜೀವಂತ ಕೀಟ ಬೇಡುತ್ತದೆ. ನಿಮ್ಮ ಎಂಟು ಮೀನುಗಳೇ ಅದರ ಊಟವಾದಾವು. ಇನ್ನು ರೋಗದ ವಿಷಯ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರದಿಂದ ಜಗತ್ತಿನಲ್ಲಿ 500ಕ್ಕೂ ಹೆಚ್ಚು ಉಭಯಜೀವಿ ಪ್ರಭೇದಗಳು ಕ್ಷೀಣಿಸಿವೆ, ಅವುಗಳಲ್ಲಿ 90 ನಶಿಸಿರಬೇಕು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಈ ರೋಗವನ್ನು ದೇಶದಿಂದ ದೇಶಕ್ಕೆ ಹೊತ್ತೊಯ್ದುದರಲ್ಲಿ ಉಭಯಜೀವಿಗಳ ವ್ಯಾಪಾರದ ಪಾಲು ದೊಡ್ಡದು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿಯೂ ಆ ಶಿಲೀಂಧ್ರ ದಾಖಲಾಗಿದೆ. ಹಿಡಿದು, ಇಟ್ಟು, ಮತ್ತೆ ಬಿಡುವ ಆಟ ನಮಗೆ ಬೇಡ.

ಕಪ್ಪೆಯನ್ನು ನೋಡಲೇಬೇಕೆಂದಿದ್ದರೆ ಶಾಲೆಯ ಹಿತ್ತಿಲಲ್ಲಿ ಒಂದು ಅಡಿ ಆಳದ, ಇಳಿಜಾರು ಅಂಚಿನ ಹೊಂಡ ತೆಗೆದು, ಮೀನು ಬಿಡದೆ, ಸುತ್ತ ಹುಲ್ಲು ಬೆಳೆಯಲು ಬಿಡಿ. ಮಳೆಗಾಲ ಹಿಡಿದ ಮೇಲೆ ಕಪ್ಪೆಗಳು ತಾವಾಗಿಯೇ ಬರುತ್ತವೆ. ಕಪ್ಪೆಯ ಕಾಲಿನ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸಿತು. ಗದ್ದೆಯ ಕೀಟಗಳನ್ನು ಕಪ್ಪೆ ತಿನ್ನುತ್ತದೆಂಬ ಅರಿವು ಅದರ ಹಿಂದಿತ್ತು. ಗದ್ದೆಯ ಬಳಿ ಕಪ್ಪೆ ಉಳಿದರೆ ರೈತನಿಗೂ ಲಾಭ.

ಅಂಗಡಿಯಲ್ಲಿ ನಾಣ್ಯದಷ್ಟಿರುವ, ಕಿವಿಯ ಬಳಿ ಕೆಂಪು ಗೆರೆಯ ಆಮೆಮರಿ ಅಮೆರಿಕದ ಮಿಸಿಸಿಪ್ಪಿ ಪ್ರದೇಶದ್ದು. ಅದು ಬೆಳೆದು ಊಟದ ತಟ್ಟೆಯಷ್ಟಾಗುತ್ತದೆ, ಇಪ್ಪತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಸಾಕಲಾರದವರು ಕೆರೆಗೆ ಬಿಡುತ್ತಾರೆ. ಅಲ್ಲಿ ಅದು ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಆಕ್ರಮಿಸುತ್ತದೆ. ನಮ್ಮದೇ ಆಮೆಯನ್ನು ಹಿಡಿದು ಸಾಕುವುದು ಕಾನೂನಿಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ, ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರೂ ನೋಂದಣಿ ಮಾಡಿಸಬೇಕು. ಮೊದಲು ಹೇಳಿದ ಆಕ್ಸೊಲೋಟಲ್ ಆ ಪಟ್ಟಿಯಲ್ಲಿದೆ.

ಎಲ್ಲಿಂದ ಬಂತು, ಎಲ್ಲಿಗೆ ಹೋದೀತು?

ಕೇರಳ ಹಾಗೂ ದಕ್ಷಿಣ ಕರ್ನಾಟಕದ ಪಶ್ಚಿಮಕ್ಕೆ ಹರಿಯುವ ನದಿಗಳಲ್ಲಿರುವ, ಮೈಮೇಲೆ ಕೆಂಪು ಗೆರೆಯ ಸುಂದರ ಮೀನೊಂದನ್ನು ವ್ಯಾಪಾರದಲ್ಲಿ ಮಿಸ್ ಕೇರಳ ಎನ್ನುತ್ತಾರೆ. 1990ರ ದಶಕದಿಂದ ಅದನ್ನು ಹೊಳೆಗಳಿಂದ ಬಾಚಿ ವಿದೇಶಗಳಿಗೆ ಕಳುಹಿಸಲಾಯಿತು. ಇಂದು ಅದು ಅಳಿವಿನಂಚಿನ ಪ್ರಭೇದಗಳ ಪಟ್ಟಿಯಲ್ಲಿದೆ. ಜಾವಾದ ನೇರಳೆ ಬಣ್ಣದ ವ್ಯಾಂಪೈರ್ ಏಡಿಯಾದರೋ ಪಾಲುಡೇರಿಯಂಗಳಿಗಾಗಿ ವರ್ಷಗಟ್ಟಲೆ ಮಾರಾಟವಾದ ಮೇಲೆ, 2015ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ದೊರೆಯಿತು. ಹೆಸರಿಡುವ ಮೊದಲೇ ವ್ಯಾಪಾರ ಆರಂಭವಾಗಿತ್ತು. ನಮ್ಮ ಗಾಜು ತುಂಬುವುದಕ್ಕೆ ಮತ್ತೊಂದು ಹೊಳೆ ಬರಿದಾಗಬಾರದು.

ಇದಕ್ಕೆ ವಿರುದ್ಧ ದಿಕ್ಕಿನ ಅಪಾಯವೇ ಆರನೆಯ ಪ್ರಶ್ನೆ. ಸೊಳ್ಳೆ ನಿಯಂತ್ರಣಕ್ಕೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯ ಮೀನು ಸೊಳ್ಳೆಮರಿಯ ಜೊತೆಗೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆ, ನಮ್ಮ ಸಣ್ಣಮೀನುಗಳ ಮರಿಗಳನ್ನೂ ತಿನ್ನುತ್ತದೆ. ಉದ್ಯಾನದ ಅಲಂಕಾರಕ್ಕೆ ಬಂದ ಲಂಟಾನ ನಮ್ಮ ಕಾಡುಗಳಿಗೆ ಏನು ಮಾಡಿದೆಯೆಂಬುದನ್ನು ನೀವು ದಿನವೂ ಕಾಣುತ್ತಿದ್ದೀರಿ. ಸೊಪ್ಪಿನ ಬೆಟ್ಟದಲ್ಲಿ ಲಂಟಾನ ಕಣ್ಣಿಗೆ ಬೀಳುತ್ತದೆ. ಹಳ್ಳದೊಳಗಿನ ಪರಕೀಯ ಮೀನು ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ನಮ್ಮ ಹಳ್ಳಗಳು ಶರಾವತಿ, ಅಘನಾಶಿನಿ, ತುಂಗೆಯರ ತಲೆನೀರು. ಮೇಲೆ ಬಿಟ್ಟದ್ದು ಕೆಳಗಿನ ಊರುಗಳಿಗೆಲ್ಲ ತಲಪುತ್ತದೆ.

ಆದುದರಿಂದ ಸಂಘದವರು ಮೂರು ನಿಯಮಗಳನ್ನು ಬರೆದು ತೊಟ್ಟಿಯ ಪಕ್ಕದಲ್ಲಿ ಅಂಟಿಸಬೇಕೆಂದು ಕೋರುತ್ತೇನೆ. ತೊಟ್ಟಿಯ ಯಾವ ಜೀವಿಯನ್ನೂ, ಅದು ದೇಶೀಯವೇ ಆಗಿದ್ದರೂ, ಹಳ್ಳಕ್ಕೆ ಬಿಡಕೂಡದು. ಸಾಕಣೆಯ ಮೀನಿನಲ್ಲಿ ಸಾಕಣೆಯ ರೋಗವೂ ಇರಬಹುದು. ಬದಲಾಯಿಸಿದ ನೀರನ್ನು ಚರಂಡಿಗೆ ಸುರಿಯದೆ ಶಾಲೆಯ ತೆಂಗಿನ ಬುಡಕ್ಕೆ ಹಾಕತಕ್ಕದ್ದು. ನೈಟ್ರೇಟ್ ಅದಕ್ಕೆ ಗೊಬ್ಬರ. ಹೊಸದಾಗಿ ತಂದ ಪ್ರಾಣಿಯನ್ನು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡಿದ ಬಳಿಕವೇ ತೊಟ್ಟಿಗೆ ಸೇರಿಸತಕ್ಕದ್ದು.

ಕ್ರಮವೂ ಸರಳವಾಗಿದೆ. ಈಗಿರುವ ಗಿಡಗಳು ಆರು ವಾರ ಬೇರೂರಲಿ. ಈ ನಡುವೆ ದಂಡೆಗೆ ತರಗು ಹಾಕಿ ಕಸ ಗುಡಿಸುವ ಜೀವಿಗಳನ್ನು ಬಿಡಿ. ಅನಂತರ ಶಂಖದ ಹುಳು ಮತ್ತು ಸಿಗಡಿ, ಕೊನೆಗೆ ಮೀನು. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಬೇಸಿಗೆ ರಜೆಯಲ್ಲಿ ನೋಡಿಕೊಳ್ಳುವವರು ಯಾರೆಂಬುದನ್ನು ಮೀನು ತರುವ ಮೊದಲೇ ತೀರ್ಮಾನಿಸಿ. ಆ ಹೆಸರು ಸಿಗದಿದ್ದರೆ ಗಿಡ, ಹುಳು, ಸಿಗಡಿಗಳಿಗೇ ತೃಪ್ತರಾಗಿ. ಅಷ್ಟರಲ್ಲಿಯೂ ವರ್ಷಪೂರ್ತಿ ನೋಡಿ ಬರೆದಿಡುವಷ್ಟು ವಿಷಯವಿದೆ.

ಹಳ್ಳವೇ ಪಕ್ಕದಲ್ಲಿರುವಾಗ ಗಾಜಿನ ತೊಟ್ಟಿ ಏಕೆ ಎಂದು ಹಿರಿಯರೊಬ್ಬರು ಸಭೆಗೆ ಮೊದಲು ಕೇಳಿದರು. ನ್ಯಾಯವಾದ ಪ್ರಶ್ನೆ. ಹಳ್ಳದಲ್ಲಿ ಒಂದು ತಪ್ಪಿನ ಫಲ ಕಾಣಲು ಹತ್ತು ವರ್ಷ ಬೇಕಾದೀತು, ತೊಟ್ಟಿಯಲ್ಲಿ ಹತ್ತು ದಿನದಲ್ಲಿ ಕಾಣುತ್ತದೆ. 60 ಲೀಟರ್ ನೀರನ್ನು ತಿಳಿಯಾಗಿ ಉಳಿಸಿಕೊಳ್ಳಲು ಎಷ್ಟು ಎಚ್ಚರ ಬೇಕೆಂಬುದನ್ನು ಕಲಿತ ಹುಡುಗ ಹುಡುಗಿಯರು ನಾಳೆ ಹಳ್ಳದ ಮೇಲೆ ತೀರ್ಮಾನ ಕೈಗೊಳ್ಳುವ ಗ್ರಾಮಸಭೆಯಲ್ಲಿ ಕುಳಿತಿರುತ್ತಾರೆ. ಆ ಕಾರಣಕ್ಕಾಗಿ ಈ ತೊಟ್ಟಿ ಬೇಕು.